ವರದಿಯಲ್ಲಿ ಇಲ್ಲದ ಹೆಂಗಸರು: ಮಿಷನರಿ ದಾಖಲೆಗಳನ್ನು ಓದುವ ಬಗೆ

(ಮಹಿಳಾ ವಿಭಾಗದ ವಾರ್ಷಿಕ ಕಾರ್ಯಕ್ರಮದಲ್ಲಿ, ವಿಕ್ರೋಳಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯಕ್ರಮದ ಆಮಂತ್ರಣ ವಾಟ್ಸಾಪ್‌ನಲ್ಲಿ ಬಂದ ದಿನವೇ ನನಗೆ ಎರಡು ಫೋನ್ ಬಂದವು. ಮೊದಲನೆಯವರು ನನ್ನ ತಾಯಿಯ ವಯಸ್ಸಿನವರು. "ಮಿಷನರಿ ವಿಷಯ ಯಾಕಮ್ಮ? ಮತಾಂತರ ಅಂತ ಮಾತು ಬಂದರೆ ಸಭೆಯಲ್ಲಿ ಗಲಾಟೆ ಆಗುತ್ತದೆ. ಅಡುಗೆಯದೋ ಆರೋಗ್ಯದ್ದೋ ಏನಾದರೂ ಮಾತಾಡು" ಅಂದರು. ಎರಡನೆಯವರು ನಿವೃತ್ತ ಕನ್ನಡ ಶಿಕ್ಷಕಿ. "ಒಳ್ಳೆಯ ವಿಷಯ. ಕಿಟೆಲ್ ಇಲ್ಲದಿದ್ದರೆ ಕನ್ನಡವೇ ಇರುತ್ತಿರಲಿಲ್ಲ, ಅದನ್ನು ಗಟ್ಟಿಯಾಗಿ ಹೇಳು" ಅಂದರು. ಇಬ್ಬರೂ ಇಲ್ಲೇ ಕೂತಿದ್ದಾರೆ, ಇಬ್ಬರೂ ನನಗೆ ಬೇಕಾದವರು. ಆದರೆ ಇವತ್ತು ನಾನು ಇಬ್ಬರ ಮಾತನ್ನೂ ಪೂರ್ತಿ ಕೇಳುವುದಿಲ್ಲ. ಮಿಷನರಿಗಳು ಒಳ್ಳೆಯವರೋ ಕೆಟ್ಟವರೋ ಎಂಬುದು ಒಂದು ಚರ್ಚೆ. ಅವರು ಬಿಟ್ಟುಹೋದ ಕಾಗದಗಳನ್ನು ಹೇಗೆ ಓದಬೇಕು ಎಂಬುದು ಬೇರೆಯೇ ಕೆಲಸ. ವಿಶ್ವವಿದ್ಯಾಲಯಗಳಲ್ಲಿ ಮಿಷನ್ ಅಧ್ಯಯನ ಮಾಡುವವರು ಮಾಡುವುದು ಈ ಎರಡನೆಯ ಕೆಲಸವನ್ನು. ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದಕ್ಕೆ ಒಂದು ಕಾರಣ ಇದೆ, ಅದು ನಮ್ಮ ಮನೆಯದು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಇತಿಹಾಸ ಓದಿದವಳಲ್ಲ. ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂಟೆಕ್ ಮಾಡಿ, ಹತ್ತು ವರ್ಷಗಳಿಂದ ಡೇಟಾ ಕೆಲಸ ಮಾಡುತ್ತಿದ್ದೇನೆ. ನಮ್ಮ ಕೆಲಸದಲ್ಲಿ ಒಂದು ಪಾಠ ಬೇಗ ಬರುತ್ತದೆ. ಯಾವುದೇ ಡೇಟಾ ಕೈಗೆ ಬಂದರೂ ಮೊದಲು ಕೇಳಬೇಕಾದದ್ದು, ಇದನ್ನು ಯಾರು ತುಂಬಿದರು, ಯಾತಕ್ಕೆ ತುಂಬಿದರು, ಯಾವ ಅಂಕಣ ಖಾಲಿ ಇದೆ ಎಂದು. ಕನ್ನಡದ ಹಳೆಯ ಮುದ್ರಿತ ಪುಟಗಳನ್ನು ಕಂಪ್ಯೂಟರ್ ಓದುವಂತೆ ಮಾಡುವ ಪ್ರಯತ್ನಗಳನ್ನು ಬಿಡುವಿನಲ್ಲಿ ನೋಡುತ್ತಿದ್ದಾಗ ನಾನು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಹರ್ಮನ್ ಗುಂಡರ್ಟ್ ಪೋರ್ಟಲ್ ತಲುಪಿದೆ. 2018ರಲ್ಲಿ ಅದು ಎಲ್ಲರಿಗೂ ತೆರೆದಿದೆ. 19ನೇ ಶತಮಾನದಲ್ಲಿ ಮಂಗಳೂರು, ತಲಶ್ಶೇರಿಗಳಲ್ಲಿ ಅಚ್ಚಾದ ಮಲಯಾಳ, ಕನ್ನಡ, ತುಳು ಪುಸ್ತಕಗಳನ್ನು ಮನೆಯಲ್ಲೇ ಕೂತು ತಿರುವಿ ಹಾಕಬಹುದು. ಪುಸ್ತಕ ನೋಡಲು ಹೋದವಳು ಅದನ್ನು ಬರೆದವರ ಪತ್ರ, ವರದಿ, ಫೋಟೋಗಳತ್ತ ತಿರುಗಿದೆ.

ಹಿನ್ನೆಲೆಯನ್ನು ಬೇಗ ಹೇಳಿಬಿಡುತ್ತೇನೆ, ನಿಮ್ಮಲ್ಲಿ ಹಲವರಿಗೆ ಗೊತ್ತಿರುವುದೇ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿತು. ಅದರ ಹೆಚ್ಚಿನ ಮಿಷನರಿಗಳು ಪಕ್ಕದ ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯ ರೈತರ, ಕುಶಲಕರ್ಮಿಗಳ ಮಕ್ಕಳು. ಬ್ರಿಟಿಷರಲ್ಲದ ಮಿಷನರಿಗಳಿಗೆ ಈಸ್ಟ್ ಇಂಡಿಯಾ ಕಂಪೆನಿಯ ಸೀಮೆಯಲ್ಲಿ ಕೆಲಸ ಮಾಡಲು ದಾರಿಯಾದದ್ದು 1833ರ ಕಾಯ್ದೆಯ ಮೇಲೆ. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೊಗ್ಲಿಂಗ್ ಬಂದ. 1843ರ ಜುಲೈ 1ರಂದು ಅವನು ಹೊರಡಿಸಿದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ನಾವು ಪತ್ರಿಕಾ ದಿನ ಆಚರಿಸುವುದು ಅದೇ ದಿನದಂದು.

ನಮ್ಮ ಮುಂಬಯಿಯವರು ಹೆಮ್ಮೆಪಡಬಹುದಾದ ಒಂದು ಸಂಗತಿ ಇದೆ. ಆ ಪತ್ರಿಕೆ ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಆ ಕಲ್ಲಚ್ಚಿನ ಯಂತ್ರವನ್ನು 1841ರಲ್ಲಿ ವೈಗ್ಲೆ ಎಂಬ ಮಿಷನರಿ ಮಂಗಳೂರಿಗೆ ಒಯ್ದದ್ದು ಈ ಮುಂಬಯಿಯಿಂದ. ಜೊತೆಗೆ ಇಬ್ಬರು ಮರಾಠಿ ಮುದ್ರಕರನ್ನೂ ಕರೆದುಕೊಂಡು ಹೋದ. ಮಂಗಳೂರಿನಿಂದ ಮುಂಬಯಿಗೆ ಹೊಟ್ಟೆಪಾಡಿಗೆ ಬಂದವರ ಕಥೆ ನಮಗೆಲ್ಲ ಬಾಯಿಪಾಠ. ಮುಂಬಯಿಯಿಂದ ಮಂಗಳೂರಿಗೆ ದುಡಿಯಲು ಹೋದ ಈ ಇಬ್ಬರನ್ನು ಯಾರೂ ನೆನೆಯುವುದಿಲ್ಲ. ವೈಗ್ಲೆಯ ಹೆಸರು ಚರಿತ್ರೆಯಲ್ಲಿದೆ. ಅವರು 'ಇಬ್ಬರು ಮುದ್ರಕರು' ಅಷ್ಟೇ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಮಿಷನರಿಗಳು ಸಿಕ್ಕಾಪಟ್ಟೆ ಬರೆಯುತ್ತಿದ್ದರು. ಮೂರು ತಿಂಗಳಿಗೊಮ್ಮೆ ಬಾಸೆಲ್‌ಗೆ ವರದಿ ಕಳಿಸಲೇಬೇಕೆಂಬ ನಿಯಮವೇ ಇತ್ತು. ಎಷ್ಟು ಮಂದಿ ಶಾಲೆಗೆ ಬಂದರು, ಎಷ್ಟು ಮಂದಿಗೆ ದೀಕ್ಷಾಸ್ನಾನವಾಯಿತು, ಎಷ್ಟು ಖರ್ಚಾಯಿತು, ಎಲ್ಲದಕ್ಕೂ ಲೆಕ್ಕ. ಆ ವರದಿಗಳಿಂದ ಆಯ್ದ ಭಾಗಗಳು ಅಲ್ಲಿನ ಮಿಷನ್ ಪತ್ರಿಕೆಗಳಲ್ಲಿ ಅಚ್ಚಾಗಿ ಸ್ವಿಟ್ಜರ್ಲೆಂಡ್, ಜರ್ಮನಿಗಳ ಹಳ್ಳಿಮನೆಗಳಿಗೆ ಹೋಗುತ್ತಿದ್ದವು. ಓದುತ್ತಿದ್ದವರು ಯಾರು? ಮಿಷನ್‌ಗೆ ಚಂದಾ ಕೊಡುವವರು. 1855ರಲ್ಲಿ ಅವರು ಅರ್ಧ ಬಾತ್ಸೆನ್ ಸಂಗ್ರಹ ಎಂಬುದನ್ನು ಶುರುಮಾಡಿದರು. ಬಾತ್ಸೆನ್ ಎಂದರೆ ಅಲ್ಲಿನ ಒಂದು ಸಣ್ಣ ನಾಣ್ಯ. ಅದರ ಅರ್ಧ ಬೆಲೆಯ ಕಾಸನ್ನು ವಾರಕ್ಕೊಮ್ಮೆ ಮನೆಮನೆಯಿಂದ ಎತ್ತುವುದು. ಬಡವರೂ ಕೊಡಬಹುದಾದ ಮೊತ್ತ. ನಮ್ಮ ಜೆಪ್ಪಿನ, ಬಲ್ಮಠದ ಕೆಲಸ ನಡೆದದ್ದು ಇಂಥ ಚಿಲ್ಲರೆ ಕಾಸಿನಿಂದಲೂ ಹೌದು.

ಚಂದಾ ಕೊಟ್ಟವರಿಗೆ ವರದಿ ಬರೆಯುವುದು ಎಂದರೆ ಏನು ಎಂದು ಈ ಸಭೆಗೆ ನಾನು ಹೇಳಿಕೊಡಬೇಕಾಗಿಲ್ಲ. ನಮ್ಮ ಸಂಘಗಳ ವಾರ್ಷಿಕ ವರದಿ ನೆನೆದುಕೊಳ್ಳಿ. 'ದಸರಾ ಕಾರ್ಯಕ್ರಮವು ಅಪಾರ ಜನಸ್ತೋಮದ ಸಮ್ಮುಖದಲ್ಲಿ ಯಶಸ್ವಿಯಾಗಿ ನೆರವೇರಿತು.' ಮೈಕು ಕೈಕೊಟ್ಟದ್ದು ಅದರಲ್ಲಿ ಇರುವುದಿಲ್ಲ. ಮುಖ್ಯ ಅತಿಥಿ ಎರಡು ಗಂಟೆ ತಡವಾಗಿ ಬಂದದ್ದು ಇರುವುದಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಇನ್ನೂರು ಜನರಿಗೆ ಉಪ್ಪಿಟ್ಟು, ಕೇಸರಿಬಾತು ಮಾಡಿದವರನ್ನು 'ಮಹಿಳಾ ವಿಭಾಗದ ಸದಸ್ಯೆಯರು ಸಹಕರಿಸಿದರು' ಎಂಬ ಒಂದು ವಾಕ್ಯದಲ್ಲಿ ಮುಗಿಸಿರುತ್ತೇವೆ. ಅದು ಸುಳ್ಳಲ್ಲ. ಚಂದಾದಾರರು ಓದಲಿ ಎಂದು ಬರೆದದ್ದು. ನೂರೈವತ್ತು ವರ್ಷ ಕಳೆದ ಮೇಲೆ ಯಾರಾದರೂ ನಮ್ಮ ವರದಿ ಹಿಡಿದುಕೊಂಡು 'ವಿಕ್ರೋಳಿಯ ಕನ್ನಡಿಗರಲ್ಲಿ ಹೆಂಗಸರು ಸಹಕರಿಸುತ್ತಿದ್ದರು' ಎಂದಷ್ಟೇ ಬರೆದರೆ ನಿಮಗೆ ಹೇಗಾಗುತ್ತದೆ?

ಮಿಷನರಿ ವರದಿಯೂ ಇದೇ ಜಾತಿಯದು. ಅದರಲ್ಲಿ ನಮ್ಮ ಊರು ಕತ್ತಲೆಯಲ್ಲಿ ಮುಳುಗಿದಂತೆ ಕಾಣಬೇಕು, ಇಲ್ಲದಿದ್ದರೆ ಬಾಸೆಲ್‌ನ ಅಜ್ಜಿ ಮುಂದಿನ ವಾರ ಯಾಕೆ ಕಾಸು ಕೊಟ್ಟಾಳು? ಸ್ವಲ್ಪ ಬೆಳಕೂ ಕಾಣಬೇಕು, ಇಲ್ಲದಿದ್ದರೆ ಕೊಟ್ಟ ಕಾಸು ದಂಡ ಎನಿಸುತ್ತದೆ. ಹಾಗಾಗಿ ನಮ್ಮ ದೈವಾರಾಧನೆ ಅವರ ಬರಹಗಳಲ್ಲಿ ಪಿಶಾಚಿ ಪೂಜೆ ಆಯಿತು. ಇದನ್ನು ಓದುವಾಗ ನಮಗೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಸಿಟ್ಟು ಬಂದ ಮೇಲೂ ಓದುವುದನ್ನು ನಿಲ್ಲಿಸಬಾರದು. ಯಾಕೆಂದರೆ ಅದೇ ಮಿಷನ್‌ನ ಆಗಸ್ಟ್ ಮೆನ್ನರ್ 1886ರಲ್ಲಿ ತುಳು-ಇಂಗ್ಲಿಷ್ ನಿಘಂಟು ಅಚ್ಚು ಮಾಡಿದ, ಪಾಡ್ದನಗಳನ್ನು ಬರೆಸಿ ಸಂಗ್ರಹಿಸಿದ. ಯಾವ ನಂಬಿಕೆಯನ್ನು ಬಿಡಿಸಲು ಬಂದರೋ ಅದರ ಹಾಡನ್ನು ಬರೆದಿಟ್ಟುಕೊಂಡರು. ಎದುರಾಳಿಯನ್ನು ತಿಳಿಯಲು ಕಲಿತದ್ದು ಕಲಿಯುತ್ತ ಕಲಿಯುತ್ತ ಪ್ರೀತಿಯಾಯಿತೋ ಏನೋ. ಕೆಲವರ ವಿಷಯದಲ್ಲಿ ಹಾಗೆ ಆದದ್ದು ಸ್ಪಷ್ಟ. ಕಿಟೆಲ್ ಅಂಥವನು.

ಫರ್ಡಿನೆಂಡ್ ಕಿಟೆಲ್ ಬಗ್ಗೆ ನೀವೆಲ್ಲ ಕೇಳಿದ್ದೀರಿ. 1853ರಲ್ಲಿ ಬಂದ, 1894ರಲ್ಲಿ ಮಂಗಳೂರಿನಲ್ಲಿ ಅವನ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು, ಸುಮಾರು 70,000 ಪದಗಳು. ಬೆಂಗಳೂರಿನಲ್ಲಿ ಪ್ರತಿಮೆ ಇದೆ. ಇದರ ಹಿಂದಿನ ಕಥೆ ನಮ್ಮ ಶಾಲೆಯ ಪಾಠದಲ್ಲಿ ಬರಲಿಲ್ಲ. ಅವನು ಬಂದ ಹೊಸದರಲ್ಲಿ ಸಹೋದ್ಯೋಗಿಗಳ ಜೊತೆ ಹೊಂದಿಕೊಳ್ಳಲಿಲ್ಲ. ಯುರೋಪಿನವರ ಹಾಗೆ ಬದುಕದೆ ಇಲ್ಲಿಯವರ ಹಾಗೆ ಬದುಕಬೇಕೆಂದು ಹಟ ಹಿಡಿದ. ಭಾರತೀಯರಿಗೆ ಭಾರತೀಯನಾಗಲು ಹೊರಟವನ ಮೊದಲ ಸೋಲು ಮತ್ತು ಸತ್ತ ಮೇಲಿನ ಗೆಲುವು, ಇದನ್ನೇ ವಿಷಯವಾಗಿಟ್ಟುಕೊಂಡು ರೈನ್‌ಹಾರ್ಡ್ ವೆಂಟ್ ಎಂಬ ಜರ್ಮನ್ ಇತಿಹಾಸಕಾರರು ಬರೆದಿದ್ದಾರೆ. ಮಿಷನ್ ಅಳೆಯುತ್ತಿದ್ದ ಅಳತೆಯಲ್ಲಿ, ಅಂದರೆ ಎಷ್ಟು ಮಂದಿ ಮತಕ್ಕೆ ಬಂದರು ಎಂಬ ಅಳತೆಯಲ್ಲಿ, ಅವನದು ದೊಡ್ಡ ಸಾಧನೆಯಲ್ಲ. ನಾವು ಅಳೆಯುವ ಅಳತೆಯೇ ಬೇರೆ. ಶಿಕ್ಷಕಿ ಅಕ್ಕ, ಕಿಟೆಲ್ ಇಲ್ಲದೆಯೂ ಕನ್ನಡ ಇರುತ್ತಿತ್ತು. ಅವನಿಗಿಂತ ಸಾವಿರ ವರ್ಷ ಮೊದಲೂ ಇತ್ತು, ಕೇಶಿರಾಜನ ವ್ಯಾಕರಣವನ್ನು ಅವನೇ ಸಂಪಾದಿಸಿ ಅಚ್ಚು ಮಾಡಿದ. ಆದರೆ ಪ್ರತಿ ಪದಕ್ಕೂ ಗಾದೆ, ಬಳಕೆ, ಅಕ್ಕಪಕ್ಕದ ದ್ರಾವಿಡ ಭಾಷೆಗಳ ರೂಪ ಸೇರಿಸಿದ ಆ ತಾಳ್ಮೆ ಇನ್ನೊಬ್ಬರಿಂದ ಆಗುತ್ತಿತ್ತೇ ಎಂದರೆ ನನಗೂ ಅನುಮಾನವೇ.

ಆ ನಿಘಂಟಿನಲ್ಲಿ ಒಂದು ಸಲ ಅಡುಗೆಮನೆಯ, ಹೆರಿಗೆಯ, ಒಡವೆಯ ಪದಗಳನ್ನು ಹುಡುಕಿ ನೋಡಿ. ಒಲೆ, ಒನಕೆ, ಮೊರ, ಬಾಣಂತಿ, ಬಳೆ. ಗಂಡಸರು ಕೂತು ಮಾತಾಡುವ ಚಾವಡಿಯಲ್ಲಿ ಇಂಥ ಪದಗಳು ಎಷ್ಟು ಬಂದಾವು? ಮನೆಯೊಳಗಿನ ಮಾತು ಮನೆಯೊಳಗಿನವರ ಬಾಯಿಂದಲೇ ಹೊರಗೆ ಬರಬೇಕು. ನೆರವಾದವರೆಂದು ಪಂಡಿತರನ್ನು ನೆನೆಯುತ್ತೇವೆ. ಆ ಪಂಡಿತರ ಮನೆಯ ಹೆಂಗಸರಿಂದ ಎಷ್ಟು ಬಂದಿರಬಹುದು ಎಂದು ನಾನು ಪುಟ ತಿರುವುವಾಗಲೆಲ್ಲ ಲೆಕ್ಕ ಹಾಕುತ್ತೇನೆ.

ಕಿಟೆಲ್‌ನ ಮನೆಯ ಹೆಂಗಸರ ಕಥೆಯೂ ಇದೆ. ಮೊದಲ ಹೆಂಡತಿ ಪೌಲೀನ್ ಐಟ್ ಮದುವೆಯಾಗಿ ಕೆಲವೇ ವರ್ಷಗಳಲ್ಲಿ ತೀರಿಕೊಂಡಳು. ಆಮೇಲೆ ಅವನು ಮದುವೆಯಾದದ್ದು ಅವಳ ಸಹೋದರಿ ಜೂಲಿಯನ್ನು. ಅಕ್ಕತಂಗಿಯರಲ್ಲಿ ಒಬ್ಬಳು ಸತ್ತ ಮೇಲೆ ಅವಳ ಜಾಗಕ್ಕೆ ಇನ್ನೊಬ್ಬಳು ಸಾವಿರಾರು ಮೈಲಿ ದಾಟಿ ಬರುವುದು ಎಂದರೆ ಹೇಗಿದ್ದೀತು?

ಬಾಸೆಲ್ ಮಿಷನ್‌ನ ಮದುವೆಯ ನಿಯಮ ಕೇಳಿದರೆ ನಮ್ಮ ಊರಿನ ಮದುವೆ ದಲ್ಲಾಳಿಗಳೂ ಬೆರಗಾಗಬೇಕು. ಮಿಷನರಿ ಮದುವೆಯಾಗದೆ ಹೊರಡಬೇಕು. ಎರಡು ವರ್ಷ ಕೆಲಸ ಮಾಡಿದ ಮೇಲೆ ಮದುವೆಗೆ ಅನುಮತಿ ಕೇಳಬಹುದು. ಬಾಸೆಲ್‌ನ ಸಮಿತಿ ಒಪ್ಪಬೇಕು, ಹುಡುಗಿಯನ್ನೂ ಸಮಿತಿ ಒಪ್ಪಬೇಕು. ಎಷ್ಟೋ ಹುಡುಗಿಯರು ಗಂಡನಾಗುವವನ ಮುಖವನ್ನೇ ನೋಡದೆ ಹಡಗು ಹತ್ತಿದರು. ಕೆಲವರ ಬಳಿ ಒಂದು ಫೋಟೋ ಇತ್ತು, ಅಷ್ಟೇ. ಡಾಗ್ಮಾರ್ ಕೊನ್ರಾಡ್ ಎಂಬ ಜರ್ಮನ್ ವಿದುಷಿ ಈ 'ಮಿಷನ್ ವಧು'ಗಳ ಪತ್ರ, ದಿನಚರಿಗಳನ್ನು ಹುಡುಕಿ 2001ರಲ್ಲಿ ಒಂದು ದೊಡ್ಡ ಪುಸ್ತಕ ಪ್ರಕಟಿಸಿದರು. ಬಹುಕಾಲ ಮಿಷನ್ ಚರಿತ್ರೆ ಬರೆದವರು ಈ ಪತ್ರಗಳನ್ನು ಮನೆವಾರ್ತೆ ಎಂದು ಪಕ್ಕಕ್ಕಿಟ್ಟಿದ್ದರು. ನಮ್ಮ ಅಜ್ಜಿಯರು ಮುಖ ನೋಡದೆ ಮದುವೆಯಾದದ್ದನ್ನು ಅದೇ ಮಿಷನ್‌ನವರು ಅನಾಗರಿಕ ಪದ್ಧತಿ ಎಂದು ಬರೆಯುತ್ತಿದ್ದಾಗ ಅವರ ಮನೆಯ ಹುಡುಗಿಯರು ಹಡಗಿನಲ್ಲಿ ಹೀಗೆ ಬರುತ್ತಿದ್ದರು. ಇದನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ಬರಲಿಲ್ಲ.

ಯಾಕೆಂದರೆ ಮಕ್ಕಳ ಕಥೆ ಇದೆ. ಇಲ್ಲಿ ಹುಟ್ಟಿದ ಮಕ್ಕಳನ್ನು ಐದಾರು ವರ್ಷವಾಗುತ್ತಲೇ ಯುರೋಪಿಗೆ ಕಳಿಸುವುದು ಅವರಲ್ಲಿ ರೂಢಿ. ಬಾಸೆಲ್‌ನಲ್ಲಿ ಅವರಿಗಾಗಿಯೇ ಮಕ್ಕಳ ಮನೆ ಇತ್ತು. ಎಷ್ಟೋ ತಾಯಂದಿರು ಮಕ್ಕಳನ್ನು ಮತ್ತೆ ನೋಡಿದ್ದು ಹತ್ತು ವರ್ಷದ ಮೇಲೆ, ಕೆಲವರು ನೋಡಲೇ ಇಲ್ಲ. ಮಲಯಾಳ ನಿಘಂಟಿನ ಹರ್ಮನ್ ಗುಂಡರ್ಟ್‌ನ ಹೆಂಡತಿ ಜೂಲಿ, ಹುಟ್ಟು ಹೆಸರು ದುಬೊವಾ, ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದವಳು. ಊರಿನ ಹುಡುಗಿಯರಿಗೆ ಅಕ್ಷರ, ಹೊಲಿಗೆ ಕಲಿಸುತ್ತಿದ್ದವಳ ಸ್ವಂತ ಮಗಳು ಮರೀ ಯುರೋಪಿನಲ್ಲಿ ಬೇರೆಯವರ ಕೈಯಲ್ಲಿ ಬೆಳೆದಳು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಈ ಮರೀ, 1857ರಲ್ಲಿ, ಹದಿನೈದನೇ ವಯಸ್ಸಿಗೆ ಭಾರತಕ್ಕೆ ಮರಳಿದಳು. ಮುಂದೆ ಮಂಗಳೂರಿನಲ್ಲಿ ಕೆಲವು ಕಾಲ ಮಿಷನರಿಯಾಗಿದ್ದ ಯೋಹಾನ್ನೆಸ್ ಹೆಸ್ಸೆ ಅವಳ ಎರಡನೇ ಗಂಡ. ಅವರ ಮಗ ಹರ್ಮನ್ ಹೆಸ್ಸೆ, 'ಸಿದ್ಧಾರ್ಥ' ಬರೆದವನು, 1946ರ ನೊಬೆಲ್ ಬಹುಮಾನ ಪಡೆದವನು. ನಮ್ಮಲ್ಲಿ ಗಲ್ಫಿಗೋ ಅಮೆರಿಕಕ್ಕೋ ಹೋದವರು ಮಕ್ಕಳನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಹೋಗುವುದನ್ನು ನೋಡಿದ್ದೇವೆ. ಈ ಸಭೆಯಲ್ಲೇ ಹಾಗೆ ಬೆಳೆದವರಿದ್ದಾರೆ. ಮರೀಯ ದಿನಚರಿ ಅಚ್ಚಾಗಿದೆ, ಅವಳು ಹೇಗಿದ್ದಳೆಂದು ತಿಳಿಯಬಹುದು. ಎಷ್ಟೆಂದರೂ ಅವಳಿಗೆ ದಿನಚರಿ ಬರೆಯಲು ಕಾಗದ ಇತ್ತು, ಬಿಡುವು ಇತ್ತು, ಉಳಿಸಿಡುವವರಿದ್ದರು.

ನಮ್ಮ ಕಡೆಯ ಹೆಂಗಸರಿಗೆ ಅದು ಇರಲಿಲ್ಲ. ಮನೆಯ ಕಥೆ ಹೇಳುತ್ತೇನೆ ಎಂದೆನಲ್ಲ, ಅದು ಇಲ್ಲಿಗೆ ಸೇರಿದ್ದು.

ಮತಾಂತರವಾದವರು ಜಾತಿಯಿಂದ, ಮನೆಯಿಂದ, ಕಸುಬಿನಿಂದ ಹೊರಗಾಗುತ್ತಿದ್ದರು. ಮೂರ್ತೆ ಕಸುಬು ಬಿಟ್ಟ ಬಿಲ್ಲವನಿಗೆ ಹೊಟ್ಟೆಗೇನು? ಹಾಗಾಗಿ ಮಿಷನ್ ನೇಯ್ಗೆ, ಅಚ್ಚುಕೂಟ, ಪುಸ್ತಕ ಕಟ್ಟುವ ಕೆಲಸ ಶುರುಮಾಡಿತು. 1860ರ ದಶಕದಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ನೇತ್ರಾವತಿಯ ಜೇಡಿಮಣ್ಣಿನಿಂದ ಯಂತ್ರದಲ್ಲಿ ಒತ್ತಿದ ಹೆಂಚು ತೆಗೆದ. ಇದೇ ಮಂಗಳೂರು ಹೆಂಚು. ಮರಾಠಿಯವರು ಇಂದಿಗೂ 'ಮಂಗಳೂರಿ ಕೌಲ' ಎನ್ನುತ್ತಾರೆ, ಮುಂಬಯಿಯ ಎಷ್ಟೋ ಹಳೆಯ ಚಾಳುಗಳ ಮಾಡಿನ ಮೇಲೆ ಅದೇ ಇದೆ. ನಾವು ಬರುವ ಮೊದಲೇ ನಮ್ಮೂರಿನ ಮಣ್ಣು ಹಡಗಿನಲ್ಲಿ ಇಲ್ಲಿಗೆ ಬಂದಿತ್ತು. ಆಮೇಲೆ ಊರಿನವರೂ ಹೆಂಚಿನ ಕಾರ್ಖಾನೆ ಹಾಕಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಹಿಡಿದಿಟ್ಟರು, ಮಿಷನ್‌ನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು. ಅಷ್ಟರಲ್ಲಿ ಕಾರ್ಖಾನೆಯ ಕೂಲಿ ಮಂಗಳೂರಿನ ಬಡವರೆಲ್ಲರ ಬದುಕಾಗಿತ್ತು, ಮತ ಯಾವುದೇ ಇರಲಿ.

ಹಾಗೆಯೇ ಒಂದು ಮಾತು ಹೇಳಿಬಿಡುತ್ತೇನೆ. ಖಾಕಿ ಬಣ್ಣ ಹುಟ್ಟಿದ್ದು ಬಾಸೆಲ್ ಮಿಷನ್ ನೇಯ್ಗೆಯಲ್ಲಿ ಎಂಬ ಸಂದೇಶ ನಮ್ಮ ಗ್ರೂಪಿನಲ್ಲಿ ವರ್ಷಕ್ಕೆರಡು ಸಲ ಬರುತ್ತದೆ. ನೇಯ್ಗೆಯ ಹಾಲರ್ ಬಂದದ್ದು 1851ರಲ್ಲಿ. ವಾಯವ್ಯ ಗಡಿಯ ಗೈಡ್ಸ್ ಪಡೆ 1840ರ ದಶಕದಲ್ಲೇ ಖಾಕಿ ತೊಡುತ್ತಿತ್ತು. ಮಂಗಳೂರಿನಲ್ಲಿ ಒಳ್ಳೆಯ ಖಾಕಿ ತಯಾರಾಯಿತು ಎನ್ನಿ, ಸಾಕು.

ನನ್ನ ತಾಯಿಯ ಅಜ್ಜಿ ನೇತ್ರಾವತಿ ದಂಡೆಯ ಒಂದು ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ನಾವು ಮತಾಂತರಗೊಂಡ ಕುಟುಂಬದವರಲ್ಲ. ಹದಿಮೂರು ಹದಿನಾಲ್ಕರ ವಯಸ್ಸಿನಿಂದ ತಲೆಯ ಮೇಲೆ ಸಿಂಬಿ ಇಟ್ಟು ಮಣ್ಣು ಹೊತ್ತರು, ಒಣಗಿದ ಹಸಿ ಹೆಂಚನ್ನು ಗೂಡಿನವರೆಗೆ ಸಾಗಿಸಿದರು. ಗಂಡಸರು ಯಂತ್ರದ ಬಳಿ, ಗೂಡಿನ ಬಳಿ. ಹೆಂಗಸರಿಗೆ ಹೊರುವ ಕೆಲಸ, ಕಡಿಮೆ ಕೂಲಿ. ಅವರ ತಲೆಯ ನೆತ್ತಿಯಲ್ಲಿ ಕೂದಲು ಇರಲಿಲ್ಲ ಎಂದು ಅಮ್ಮ ಹೇಳುತ್ತಾರೆ. ಈ ವಿಷಯ ನನಗೆ ತಿಳಿದದ್ದು ಮೂವತ್ತು ದಾಟಿದ ಮೇಲೆ. ಮನೆತನ ಕೇಳುವವರ ಮುಂದೆ ನಮ್ಮ ಮನೆಯಲ್ಲಿ ಇದನ್ನು ಹೇಳುತ್ತಿರಲಿಲ್ಲ. 'ಅಜ್ಜಿ ಮನೆಯಲ್ಲೇ ಇದ್ದರು' ಎಂಬುದು ಎಲ್ಲರೂ ಒಪ್ಪಿದ ಮಾತು. ಆ ಕೂಲಿಯಿಂದ ಮಗನನ್ನು ಎಂಟನೇ ತನಕ ಓದಿಸಿದರು, ಆ ಮಗ ಮುಂಬಯಿಗೆ ಬಂದು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋದರು. ನಾನು ಎಂಟೆಕ್ ಮಾಡಿದ್ದರ ಲೆಕ್ಕ ಹಿಂದಕ್ಕೆ ಹೋದರೆ ಆ ಸಿಂಬಿಯ ಬಳಿ ನಿಲ್ಲುತ್ತದೆ.

ಬಾಸೆಲ್ ಮಿಷನ್‌ನ ಹಳೆಯ ಫೋಟೋಗಳು ಈಗ ಅಂತರ್ಜಾಲದಲ್ಲಿವೆ, ಆಫ್ರಿಕಾ, ಭಾರತ, ಚೀನಾ ಎಲ್ಲ ಸೇರಿ 20,000ಕ್ಕೂ ಹೆಚ್ಚು. ಹೆಂಚಿನ ಕಾರ್ಖಾನೆ ಎಂದು ಹುಡುಕಿದೆ. ಮಣ್ಣಿನ ರಾಶಿ, ಗೂಡು, ಸಾಲಾಗಿ ನಿಂತ ಕೆಲಸದವರು ಸಿಕ್ಕರು. ವೃತ್ತಿಯ ಅಭ್ಯಾಸ ಬಿಡುವುದಿಲ್ಲ, ಚಿತ್ರಕ್ಕಿಂತ ಮೊದಲು ಅದರ ವಿವರದ ಅಂಕಣಗಳನ್ನು ನೋಡಿದೆ. ಫೋಟೋ ತೆಗೆದವರು, ವರ್ಷ, ಸ್ಥಳ, ಚಿತ್ರದಲ್ಲಿರುವವರ ಹೆಸರು. ಮಿಷನರಿ ಇದ್ದರೆ ಅವನ ಹೆಸರು ಇದೆ. ಕೆಲಸದ ಹೆಂಗಸರಿರುವ ಕಡೆ ಆ ಅಂಕಣ ಖಾಲಿ. ಪಟ್ಟಿ ಮಾಡಿದವರ ತಪ್ಪಲ್ಲ ಅದು. ಅವರು ಫೋಟೋದ ಹಿಂದೆ ಬರೆದದ್ದನ್ನು ನಿಷ್ಠೆಯಿಂದ ನಕಲು ಮಾಡಿದ್ದಾರೆ. ಫೋಟೋ ತೆಗೆದ ದಿನ ಯಾರೂ ಹೆಸರು ಕೇಳಿರಲಿಲ್ಲ. ಖಾಲಿ ಅಂಕಣವೂ ಒಂದು ಮಾಹಿತಿಯೇ. ಹೆಂಗಸರು ಅಲ್ಲಿ ಇರಲಿಲ್ಲ ಎಂದು ಅದು ಹೇಳುವುದಿಲ್ಲ, ಬರೆಯುವವನಿಗೆ ಅವರ ಹೆಸರು ಬೇಕಾಗಿರಲಿಲ್ಲ ಎಂದು ಹೇಳುತ್ತದೆ.

ಕಾರ್ಖಾನೆಯ ಹೊರಗೆ ಇನ್ನೊಂದು ವರ್ಗದ ಹೆಂಗಸರಿದ್ದರು. 'ಬೈಬಲ್ ಹೆಂಗಸರು' ಎನ್ನುತ್ತಿದ್ದರು. ಹೆಚ್ಚಾಗಿ ವಿಧವೆಯರು, ಸ್ವಲ್ಪ ಅಕ್ಷರ ಕಲಿತವರು. ಮಿಷನರಿ ಗಂಡಸರು ಕಾಲಿಡಲಾಗದ ಒಳಮನೆಗಳಿಗೆ ಹೋಗಿ ಓದಿ ಹೇಳುತ್ತಿದ್ದರು, ಅಕ್ಷರ ಕಲಿಸುತ್ತಿದ್ದರು. ಮಿಷನ್‌ನ ಸಂಬಳದ ಪಟ್ಟಿಯಲ್ಲಿ ಕೆಳಗಿನ ಮೆಟ್ಟಿಲು. ಆದರೆ ಆ ಕಾಲದಲ್ಲಿ ಸಂಬಳ ತೆಗೆದುಕೊಂಡು ಒಬ್ಬಂಟಿಯಾಗಿ ಬೀದಿಯಲ್ಲಿ ನಡೆದು ಇನ್ನೊಬ್ಬರ ಮನೆಗೆ ಹೋಗಿ ಪಾಠ ಹೇಳುವ ವಿಧವೆ ಎಂದರೆ ಸಣ್ಣ ಮಾತೇ? ಮೃಣಾಲಿನಿ ಸೆಬಾಸ್ಟಿಯನ್ 2003ರಲ್ಲಿ ಇವರ ಬಗ್ಗೆ ಬರೆದ ಲೇಖನ, ಮಿಷನ್ ದಾಖಲೆಗಳಲ್ಲಿ ಇವರನ್ನು ಹೇಗೆ ಓದಬೇಕೆಂಬುದನ್ನೇ ಚರ್ಚಿಸುತ್ತದೆ. ತಮಿಳುನಾಡಿನ ಬಗ್ಗೆ ಎಲಿಜಾ ಕೆಂಟ್ 2004ರಲ್ಲಿ ಬರೆದ ಪುಸ್ತಕವೂ ಇದೇ ದಾರಿಯದು. ಮತಾಂತರ ಎಂದರೆ ನಂಬಿಕೆ ಬದಲಾಗುವುದು ಮಾತ್ರವಲ್ಲ, ಹೆಂಗಸರ ಉಡುಪು, ನಡೆ, ಮದುವೆ, ಮನೆವಾರ್ತೆ ಎಲ್ಲಕ್ಕೂ ಹೊಸ ಕಟ್ಟುಪಾಡು ಬರುವುದು ಎಂದು ಅವರು ತೋರಿಸುತ್ತಾರೆ. ಕೆಲವು ಬಾಗಿಲು ತೆರೆಯಿತು, ಕೆಲವು ಮುಚ್ಚಿತು.

ಮತಾಂತರದ ಮಾತು ಬಂದಾಗ ನಾನು ಜಾರಿಕೊಳ್ಳುವುದಿಲ್ಲ. ಮಿಷನರಿಗಳು ಬಂದದ್ದು ಅದಕ್ಕಾಗಿಯೇ. ನಿಘಂಟು, ಪತ್ರಿಕೆ, ಶಾಲೆ ಎಲ್ಲವೂ ಆ ಗುರಿಯ ಜೊತೆಗೆ ಬಂದವು. 1844ರಲ್ಲಿ ಆನಂದರಾವ್ ಕೌಂಡಿಣ್ಯ ಎಂಬ ಬ್ರಾಹ್ಮಣ ಯುವಕ ಕ್ರೈಸ್ತನಾದಾಗ ಮಂಗಳೂರು ತಲ್ಲಣಿಸಿತು. ಅವನು ಬಾಸೆಲ್‌ಗೆ ಹೋಗಿ ಓದಿ ಮಿಷನರಿಯಾಗಿಯೇ ಮರಳಿದ. 1860ರಲ್ಲಿ ಅವನು ಎರಡನೇ ಮದುವೆಯಾದದ್ದು ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಹುಡುಗಿಯನ್ನು. 1857ರ ದಂಗೆ ನಡೆದು ಮೂರೇ ವರ್ಷ. ಬಿಳಿಯ ಹೆಣ್ಣು, ಕಪ್ಪು ಗಂಡು, ಮದುವೆ. ಬ್ರಿಟಿಷರ ಊರಿನಲ್ಲಿ ಅವಳು ಹೇಗೆ ಬದುಕಿದಳೆಂದು ಒಬ್ಬರಾದರೂ ಕನ್ನಡದಲ್ಲಿ ಕಾದಂಬರಿ ಬರೆಯಬೇಕು. ಆನಂದರಾವ್ ಮನೆ ಬಿಟ್ಟ ದಿನ ಅವನ ತಾಯಿಗೆ ಏನಾಯಿತು ಎಂದೂ ಬರೆಯಬೇಕು. ಮಿಷನ್ ವರದಿಗೆ ಅದು ಗೆಲುವು. ಆ ಮನೆಗೆ ಅದು ಸಾವಿಗಿಂತ ಹೆಚ್ಚು. ಎರಡೂ ಒಂದೇ ದಿನ ನಡೆದದ್ದು. ಒಂದನ್ನು ಹೇಳಿ ಇನ್ನೊಂದನ್ನು ಬಿಡುವವರನ್ನು ನಾನು ನಂಬುವುದಿಲ್ಲ, ಅವರು ಯಾವ ಕಡೆಯವರೇ ಆಗಲಿ.

ಮುಂಬಯಿಗೂ ಇಂಥ ಚರಿತ್ರೆ ಇದೆ. ವಿಲ್ಸನ್ ಕಾಲೇಜಿನ ಜಾನ್ ವಿಲ್ಸನ್ ಎಲ್ಲರಿಗೂ ಗೊತ್ತು. ಅವನ ಹೆಂಡತಿ ಮಾರ್ಗರೆಟ್ 1829ರಲ್ಲಿ ಬಂದು, ಮರಾಠಿ ಕಲಿತು, ಹೆಣ್ಣುಮಕ್ಕಳ ಶಾಲೆ ನಡೆಸಿ, 1835ರಲ್ಲಿ ಇಲ್ಲೇ ತೀರಿಕೊಂಡಳು. ಅವಳಿಗಿಂತ ಮೊದಲು, 1827ರಲ್ಲಿ ಸಿಂಥಿಯಾ ಫರಾರ್ ಎಂಬ ಅವಿವಾಹಿತ ಅಮೆರಿಕನ್ ಶಿಕ್ಷಕಿ ಈ ಬಂದರಿನಲ್ಲಿ ಇಳಿದಿದ್ದಳು. ಆಮೇಲೆ ಅಹಮದ್‌ನಗರಕ್ಕೆ ಹೋದಳು. ಜ್ಯೋತಿಬಾ ಫುಲೆ ಆ ಶಾಲೆಯನ್ನು ಕಂಡು ಪ್ರೇರಣೆ ಪಡೆದರು, ಸಾವಿತ್ರಿಬಾಯಿ ಅಲ್ಲಿ ತರಬೇತಿ ಪಡೆದರು. ಆದರೆ ಫುಲೆ ದಂಪತಿಗಳು ಕ್ರೈಸ್ತರಾಗಲಿಲ್ಲ. ತಮಗೆ ಬೇಕಾದದ್ದನ್ನು ತೆಗೆದುಕೊಂಡು ತಮ್ಮ ದಾರಿ ಹಿಡಿದರು. ಕೊಟ್ಟವರು ಯಾತಕ್ಕೆ ಕೊಟ್ಟರು ಎಂಬುದನ್ನೇ ಹಿಡಿದು ಕೂತರೆ, ತೆಗೆದುಕೊಂಡ ನಮ್ಮ ಹೆಂಗಸರ ಬುದ್ಧಿ ಲೆಕ್ಕಕ್ಕೇ ಬರುವುದಿಲ್ಲ.

ಕನ್ನಡದಲ್ಲಿ ಈ ಕೆಲಸಕ್ಕೆ ಅಡಿಪಾಯ ಹಾಕಿದವರು ಡಾ. ಶ್ರೀನಿವಾಸ ಹಾವನೂರರು. ನಮ್ಮ ಮುಂ​ಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿದ್ದವರು. 1974ರ ಅವರ 'ಹೊಸಗನ್ನಡದ ಅರುಣೋದಯ' ಓದದೆ 19ನೇ ಶತಮಾನದ ಕನ್ನಡದ ಬಗ್ಗೆ ಮಾತಾಡುವಂತಿಲ್ಲ. ಗ್ರಂಥಪಾಲರ ಶಿಸ್ತಿನಿಂದ ಅವರು ಒಂದೊಂದೇ ಪುಸ್ತಕ, ಪತ್ರಿಕೆ ಹುಡುಕಿ ತೆಗೆದರು. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಮಿಷನ್ ಕಾಲದ ಪುಸ್ತಕ, ಕಾಗದಗಳ ಭಂಡಾರವಿದೆ. ಊರಿಗೆ ಹೋದಾಗ ಕಟೀಲು, ಧರ್ಮಸ್ಥಳ ಮುಗಿಸಿ ಒಂದು ಬೆಳಗ್ಗೆ ಅಲ್ಲಿಗೂ ಹೋಗಬಹುದು. ಜರ್ಮನ್ ಬರಬೇಕು ಎಂಬ ಹೆದರಿಕೆ ಬೇಡ, ಕನ್ನಡದಲ್ಲೇ ಬೇಕಾದಷ್ಟಿದೆ. ಹಳೆಯ ಜರ್ಮನ್ ಕೈಬರಹ ಓದುವುದು ಅಲ್ಲಿಯ ಇಂದಿನ ಮಕ್ಕಳಿಗೂ ಕಷ್ಟ. ಅಂಥ ಕೈಬರಹ ಓದುವ ತಂತ್ರಾಂಶಗಳು ಈಗ ಬಂದಿವೆ, ನಮ್ಮಂಥವರು ಕೈಹಾಕಬಹುದಾದ ಕೆಲಸ ಅಲ್ಲಿ ರಾಶಿ ಬಿದ್ದಿದೆ.

ನನ್ನ ಸಮಯ ಮುಗಿಯಿತೆಂದು ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ಕೊನೆಯದಾಗಿ ಒಂದು ಕೆಲಸದ ಮಾತು. ಹಿಂದೆ ಚಹಾದ ಮೇಜಿನ ಪಕ್ಕ ನನ್ನ ಲ್ಯಾಪ್‌ಟಾಪ್ ಇಟ್ಟಿದ್ದೇನೆ, ಕಾರ್ಖಾನೆಯ, ಶಾಲೆಗಳ ಫೋಟೋಗಳು ಅದರಲ್ಲಿ ತೆರೆದಿವೆ. ಜೆಪ್ಪು, ಬಲ್ಮಠ, ಉಡುಪಿ, ಮೂಲ್ಕಿ ಕಡೆಯವರು ಜಾಗ ಗುರುತಿಸಿದರೆ ಹೇಳಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇದೆ. ನಿಮ್ಮ ಅಜ್ಜಿ, ಮುತ್ತಜ್ಜಿಯರಲ್ಲಿ ಹೆಂಚಿನ ಕಾರ್ಖಾನೆ, ಬೀಡಿ, ಗೋಡಂಬಿ, ನೇಯ್ಗೆ, ಯಾವುದರಲ್ಲೇ ಆಗಲಿ ಕೂಲಿಗೆ ಹೋದವರಿದ್ದರೆ ಅವರ ಹೆಸರು, ಊರು, ಮಾಡಿದ ಕೆಲಸ ಬರೆಯಿರಿ. ಕನ್ನಡ ಬರೆಯಲು ಬಾರದ ಮಕ್ಕಳು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆಯಲಿ. ಮೊದಲ ಸಾಲಿನಲ್ಲಿ ನಾನು ನಮ್ಮ ಅಜ್ಜಿಯ ಹೆಸರು ಬರೆದಿದ್ದೇನೆ. ಅಮ್ಮ ಇಲ್ಲೇ ಕೂತಿದ್ದಾರೆ, ಬರೆಯುವ ಮೊದಲು ಅವರನ್ನು ಕೇಳಿಯೇ ಬರೆದದ್ದು.